ದಿಂಬುವಿನ ಎಡಗಾಲಿನ ಗರಿ

ನಮ್ಮ ಮನೆಯಲ್ಲಿ ಕತ್ತರಿಗೆ ಬರವಿಲ್ಲ. ನಾನು ಹೊಲಿಗೆಯವಳು, ನಮ್ಮ ಯಜಮಾನರದು ಕ್ಷೌರದಂಗಡಿ. ಆದರೆ ಬೀದಿಯಲ್ಲಿ ಯಾರನ್ನಾದರೂ ಕೇಳಿ, ನನ್ನ ಹೊಲಿಗೆ, ಅವರ ಕ್ರಾಪು ಎರಡೂ ಆಮೇಲೆ. ಮೊದಲು ಬರುವುದು ನನ್ನ ಕೊಚಿನ್ ಕೋಳಿಗಳ ಮಾತು. ಬರಲಿ ಬಿಡಿ, ಹನ್ನೊಂದು ವರ್ಷ ನಾನೇನು ಸುಮ್ಮನೆ ಕೂತಿರಲಿಲ್ಲ.

ಕೊಚಿನ್ ಅಂದರೆ ಮೊಟ್ಟೆಗೆಂದು ಸಾಕುವ ಕೋಳಿಯಲ್ಲ. ಮೈತುಂಬ ಮೆತ್ತನೆಯ ಗರಿ, ಕಾಲ್ಬೆರಳವರೆಗೂ ಗರಿ, ಯಾವ ಕಡೆಯಿಂದ ನೋಡಿದರೂ ದುಂಡಗಿರಬೇಕು. ನನ್ನ ತಳಿಗಿದ್ದ ಕುಂದು ಒಂದೇ: ಕಾಲಿನ ಕೀಲಿನ ಹಿಂದೆ ಹೊರಕ್ಕೆ ಚಾಚುವ ಬಿರುಸು ಗರಿಗಳು. ನಾನು ಮೊದಲು ತಂದ ಹುಂಜ ಬಿಟ್ಟುಹೋದ ಆಸ್ತಿ ಅದು. ನಾಲ್ಕು ವರ್ಷ ಕೋಳಿ ಪ್ರದರ್ಶನದಲ್ಲಿ ಎರಡನೇ ಸ್ಥಾನ, ನಾಲ್ಕೂ ಸಲ ಅದೇ ತೀರ್ಪುಗಾರರು, ಚೀಟಿಯಲ್ಲಿ ಅದೇ ಮಾತು: ‘ಕೀಲಿನ ಗರಿ ಬಿರುಸು.’ ಆ ಚೀಟಿ ಓದಿದ ದಿನ ನಾನು ಮನೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಯಜಮಾನರು ಪಾಪ, ಅಂಗಡಿಯಿಂದ ಬಂದು ತುಟಿಪಿಟಕ್ಕೆನ್ನದೆ ಅಡುಗೆಗೆ ಇಳಿಯುತ್ತಿದ್ದರು.

ಬಿರುಸು ಗರಿ ಕಡಿಮೆ ಇದ್ದ ಮರಿಗಳನ್ನೇ ಆರಿಸಿ ಆರಿಸಿ, ಕೊನೆಗೆ ಈ ವರ್ಷ ದಿಂಬು ಸಿಕ್ಕಳು. ಜೇನುಬಣ್ಣದ ಹೇಂಟೆ. ಕತ್ತಿನಿಂದ ಬಾಲದವರೆಗೆ ಒಂದೇ ಬಣ್ಣ, ಎಲ್ಲೂ ಒಂದು ಕಲೆಯಿಲ್ಲ. ಎಡಗಾಲಿನಲ್ಲಿ ಮಾತ್ರ ಒಂದೇ ಒಂದು ಬಿರುಸು ಗರಿ ಉಳಿದಿತ್ತು. ಈ ಸಲ ಮೊದಲ ಸ್ಥಾನ ನನ್ನದೇ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಆ ಗರಿ ಕಣ್ಣಿಗೆ ಬಿದ್ದರೆ ಮಾತ್ರ ಹಳೆಯ ಚೀಟಿಗಳು ನೆನಪಾಗುತ್ತಿದ್ದವು.

ಪ್ರದರ್ಶನದ ಹಿಂದಿನ ದಿನ ನನಗೆ ಹೊಲಿಗೆಯ ಅವಸರ. ದಿಂಬುವಿಗೆ ಸೋಪು ಹಚ್ಚಿ ಮೀಯಿಸಿ, ಅಂಗಡಿಯ ಡ್ರೈಯರ್ ತಂದು ಒಣಗಿಸಿದ್ದು ಯಜಮಾನರೇ.

ಮಾರನೆಯ ಬೆಳಿಗ್ಗೆ ಸಭಾಂಗಣದಲ್ಲಿ ಸಾಲು ಸಾಲು ಪಂಜರಗಳು. ತೀರ್ಪುಗಾರರು ನಮ್ಮಿಂದ ಮೂರು ಪಂಜರ ಆಚೆ ಇದ್ದರು. ಯಜಮಾನರು ನನ್ನ ಕಿವಿಯ ಹತ್ತಿರ ಬಂದರು.

“ಇನ್ನು ಹೆದರ್ಬೇಡ ಕಣೇ. ಆ ಗರಿ ಇಲ್ಲ.”

“ಇಲ್ಲ ಅಂದ್ರೆ?”

“ನಿನ್ನೆ ಒಣಗಿಸುವಾಗ ಚಿಮಟದಲ್ಲಿ ಕಿತ್ತೆ. ಅದಕ್ಕೂ ಗೊತ್ತಾಗ್ಲಿಲ್ಲ.” ಮದುಮಗನ ಕ್ರಾಪು ಮುಗಿಸಿ ಕನ್ನಡಿ ಹಿಡಿಯುವಾಗಿನ ಮುಖ ಅವರದು.

“ಅಯ್ಯೋ ನಿಮ್ಮ! ಗರಿ ಇದ್ರೆ ಅಂಕ ಹೋಗುತ್ತೆ ರೀ. ಕಿತ್ರೆ ಕೋಳೀನೇ ಹೊರಗೆ! ಅದು ಮೋಸ.”

ಅವರ ಮುಖ ಸಪ್ಪಗಾಯಿತು. “ನಂಗೇನ್ ಗೊತ್ತು... ನೀನು ಆ ಚೀಟಿ ಓದಿ ಓದಿ ಸೊರಗೋದನ್ನ ನೋಡೋಕಾಗ್ಲಿಲ್ಲ.”

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ದಿಂಬುವನ್ನು ಎರಡೂ ಕೈಯಲ್ಲಿ ಎತ್ತಿ ಎದೆಮೂಳೆ ಮುಟ್ಟಿದರು, ರೆಕ್ಕೆ ಬಿಡಿಸಿದರು, ಗರಿಯೊಳಗೆ ಊದಿ ಬುಡದ ಬಣ್ಣ ನೋಡಿದರು. ಆಮೇಲೆ ಎಡಗಾಲು. ಅಷ್ಟು ದಟ್ಟ ಗರಿಯಲ್ಲಿ ಸೂಜಿಮೊನೆಯಷ್ಟು ತೂತು ಯಾರಿಗೆ ಸಿಗುತ್ತದೆ? ಸಿಗಲಿಲ್ಲ. ಅವರು ತಲೆಯೆತ್ತಿ ನಕ್ಕರು.

“ಅಂತೂ ಆ ಬಿರುಸು ಗರಿ ತೆಗೆದೇಬಿಟ್ರಲ್ಲಮ್ಮ ತಳಿಯಿಂದ! ಭೇಷ್!”

ಈ ಒಂದು ಮಾತಿಗೆ ನಾನು ಹನ್ನೊಂದು ವರ್ಷ ಕಾದಿದ್ದೆ. ಈಗ ಅದು ಚಿಮಟದ ಪಾಲಾಯಿತು. ನನ್ನ ಮೈಯೆಲ್ಲ ಉರಿಯಿತು. ನಾನು ಸುಮ್ಮನಿದ್ದರೆ ಸಾಕಿತ್ತು, ಮೊದಲ ಸ್ಥಾನ ಕೈಗೆ ಬರುತ್ತಿತ್ತು. ಆದರೆ ನಾನು ಮಾಡದ ಕೆಲಸಕ್ಕೆ ಭೇಷ್ ಅನ್ನಿಸಿಕೊಳ್ಳುವಷ್ಟು ಗತಿಗೆಟ್ಟವಳಲ್ಲ ನಾನು.

“ತೆಗೆದಿಲ್ಲ ಸಾರ್. ಒಂದು ಉಳಿದಿತ್ತು. ನಿನ್ನೆ ಕಿತ್ತಿದ್ದೀವಿ.”

“ಕಿತ್ತಿದ್ದು ಯಾರು?”

ಪಕ್ಕದಲ್ಲಿ ಯಜಮಾನರ ಕೈ ಮೇಲಕ್ಕೆ ಹೊರಟಿತ್ತು. ಅದನ್ನು ಹಿಡಿದು ಕೆಳಗಿಳಿಸಿದೆ.

“ನಾವು,” ಎಂದೆ.

ತೀರ್ಪುಗಾರರು ಚೀಟಿಯ ಮೇಲೆ ‘ಸ್ಪರ್ಧೆಯಿಂದ ಹೊರಗೆ’ ಎಂದು ಬರೆದರು. ಕೈ ಮಾತ್ರ ದಿಂಬುವಿನ ಬೆನ್ನ ಮೇಲೇ ಇತ್ತು.

“ಒಂದು ಗರಿಗೆ ಎರಡು ಅಂಕ ಕಳೀತಿದ್ದೆ, ಅಷ್ಟೆ. ಆದ್ರೂ ಮೊದಲನೇ ಸ್ಥಾನ ಇದಕ್ಕೇ ಬರ್ತಿತ್ತಮ್ಮ. ಇವತ್ತು ಇದರ ಹತ್ತಿರಕ್ಕೆ ಬರೋ ಕೋಳಿ ಇಲ್ಲಿಲ್ಲ.”

ಯಜಮಾನರು ಅಲ್ಲೇ ಇದ್ದ ಬುಟ್ಟಿಯ ಮೇಲೆ ಕುಸಿದು ಕೂತರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಆದರೂ ಕತ್ತು ನೆಟ್ಟಗೇ ಇತ್ತು.

“ಅದನ್ನೂ ಬರೀರಿ ಸಾರ್,” ಎಂದೆ. ‘ಹೊರಗೆ’ ಎಂಬುದರ ಕೆಳಗೆ ಅದನ್ನೂ ಬರೆದು, ಸಹಿ ಹಾಕಿ ಕೊಟ್ಟರು.

ಸಂಜೆಯವರೆಗೂ ನಾನು ಪಂಜರದ ಪಕ್ಕ ಬಿಟ್ಟು ಅಲುಗಲಿಲ್ಲ. ಗೆದ್ದ ಕೋಳಿ ನೋಡಲು ಬಂದವರೆಲ್ಲ ನಮ್ಮ ಚೀಟಿ ಓದಲು ನಿಂತರು. ಯಜಮಾನರು ಮಾತ್ರ ಮನೆಗೆ ಹೋಗೋಣವೆಂದು ಗೋಗರೆಯುತ್ತಿದ್ದರು.

“ತಪ್ಪಾಯ್ತು ಕಣೇ,” ಎಂದರು ನೂರನೇ ಸಲ.

“ಸಾಕು ಬಿಡಿ, ನೆಟ್ಟಗೆ ನಿಂತ್ಕೊಳ್ಳಿ. ಗರಿ ಮತ್ತೆ ಬರುತ್ತೆ. ಮುಂದಿನ ವರ್ಷ ಅದರ ಸಮೇತ ಕರ್ಕೊಂಡ್ ಬರ್ತೀನಿ. ಎರಡು ಅಂಕ ಬಿಟ್ಟುಕೊಟ್ಟೂ ಗೆಲ್ಲೋ ಕೋಳಿ ನಂದು.”