ಬುಧವಾರದ ಪದ

ದಿನಕ್ಕೆ ಹತ್ತು ಇಂಗ್ಲಿಷ್ ಪದ. ಭಾನುವಾರಕ್ಕೂ ರಜೆ ಇಲ್ಲ. ಕಾಲೇಜಿನ ಮೊದಲ ವಾರ ಇಂಗ್ಲಿಷ್ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ, ನಿನ್ನ ಬಗ್ಗೆ ನಾಲ್ಕು ಮಾತು ಹೇಳು ಎಂದಾಗ ಲಾಂಡ್ರಿಯವನ ಮಗಳ ಬಾಯಿಂದ ಒಂದೂ ಹೊರಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವತ್ತೇ ಸಂಜೆ ಅವಳು ಇನ್ನೂರು ಪುಟದ ನೋಟ್‌ಬುಕ್ ತಂದಳು. ಎಡಕ್ಕೆ ಪದ, ಮಧ್ಯದಲ್ಲಿ ಅರ್ಥ, ಬಲಕ್ಕೆ ಮೂರು ಖಾಲಿ ಚೌಕ. ಬಾಯಿಪಾಠ ಮಾಡಿದರೆ ಪದ ನಿಮ್ಮದಾಗುವುದಿಲ್ಲ, ಮೂರು ಸಲ ನಿಜವಾದ ಜಾಗದಲ್ಲಿ ಬಳಸಬೇಕು ಎಂದು ಮೇಷ್ಟ್ರು ಹೇಳಿದ್ದರು. ಒಂದೊಂದು ಸಲ ಬಳಸಿದಾಗಲೂ ಒಂದು ಚೌಕಕ್ಕೆ ಗುರುತು.

ಆದರೆ ಬಳಸುವುದು ಯಾರ ಮೇಲೆ? ಅಮ್ಮನ ಹತ್ತಿರ ಪ್ರಯೋಗ ಮಾಡಿದರೆ, "ಅದನ್ನೇ ನಮ್ಮ ಭಾಷೇಲಿ ಬೈಯೇ, ತಿರುಗಿ ಬೈಯೋಕೆ ನಂಗೂ ಅನುಕೂಲ ಆಗುತ್ತೆ" ಎನ್ನುತ್ತಿದ್ದಳು. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ನಾಲ್ಕು ನೋಟ್‌ಬುಕ್ ತುಂಬಿತ್ತು. ಚೌಕಗಳು ಮಾತ್ರ ಅರ್ಧಕ್ಕರ್ಧ ಖಾಲಿ. ಊಟಕ್ಕೆ ಕೂತಾಗಲೂ ಅವಳ ಕಣ್ಣು ಆ ಖಾಲಿ ಚೌಕಗಳ ಮೇಲೆಯೇ.

ಅಪ್ಪ ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ರೋಲರಿನ ಮುಂದೆ ನಿಂತವನು. ಒದ್ದೆ ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದು, ಕೊಡವಿ, ಬಿಸಿ ಉರುಳೆಯ ಬಾಯಿಗೆ ಕೊಡುವುದೇ ಕೆಲಸ. ಮೊಣಕೈವರೆಗೂ ರೋಮ ಸುಟ್ಟು ಕೈ ನುಣ್ಣಗಾಗಿತ್ತು. ಆ ರೋಲರಿನ ಕಾವು ತೋರಿಸುವ ಮುಳ್ಳು ಕೆಟ್ಟು ನಿಂತಿದೆ ಎಂದು ಅವನು ಮೂರು ಸಲ ಹೇಳಿದ್ದ. ಕೇಳಿದವರೆಲ್ಲ ನೋಡೋಣ ಎಂದರು, ಯಾರೂ ನೋಡಲಿಲ್ಲ. ಒಂದು ಮಂಗಳವಾರ ಹೋಟೆಲೊಂದರ ನಲವತ್ತು ಬಿಳಿ ಹೊದಿಕೆಗಳು ಕಂದುಬಣ್ಣಕ್ಕೆ ತಿರುಗಿ ಹೊರಬಂದವು. ಸಂಜೆಗೆ ಅಪ್ಪನ ಕೈಗೆ ನೋಟೀಸು: ಮೂರು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.

ಲಾಂಡ್ರಿಯಲ್ಲಿ ಇದಕ್ಕೆಲ್ಲ ಒಂದು ಪದ್ಧತಿ ಇತ್ತು. ಸ್ಟೋರಿನಲ್ಲಿ ಸೋಪಿನ ಡಬ್ಬಗಳ ಲೆಕ್ಕ ಇಡುವ ಮುದುಕನೊಬ್ಬನಿದ್ದ, ಎಲ್ಲರೂ ಅರ್ಜಿ ತಾತ ಎಂದೇ ಕರೆಯುತ್ತಿದ್ದರು. ನೋಟೀಸು ಯಾರಿಗೇ ಬರಲಿ, ಯಾಕೇ ಬರಲಿ, ತಾತ ಬರೆಯುತ್ತಿದ್ದುದು ಅದೇ ನಾಲ್ಕು ಸಾಲು. ನನ್ನಿಂದ ತಪ್ಪಾಗಿದೆ, ನಾನು ಬಡವ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ, ಮತ್ತೆ ಹೀಗಾಗುವುದಿಲ್ಲ. ಮ್ಯಾನೇಜರ್ ಅದನ್ನು ಓದುತ್ತಲೂ ಇರಲಿಲ್ಲ. ಆ ಸೊಟ್ಟ ಅಕ್ಷರ ಕಂಡರೆ ಸಾಕು, "ಹೋಗು, ಹುಷಾರು" ಎಂದು ಫೈಲಿಗೆ ತುರುಕುತ್ತಿದ್ದರು. ಯಂತ್ರ ಕೆಟ್ಟಿದ್ದು ಎಲ್ಲರಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ತಲೆ ಬಗ್ಗಿಸಿದವನ ತಲೆ ಉಳಿಯುತ್ತಿತ್ತು, ಅಷ್ಟೇ.

ಗುರುವಾರ ಅಪ್ಪ ತಾತ ಬರೆದುಕೊಟ್ಟ ಕಾಗದ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಸಹಿ ಒಂದು ಬಾಕಿ. ಮಗಳು ಕಸಿದುಕೊಂಡು ಓದಿದಳು.

"ಇದೇನಪ್ಪ ಇದು? ಒಂದು ಸಾಲೂ ನೆಟ್ಟಗಿಲ್ಲ. ಅದೂ ಅಲ್ದೆ ನೀನು ಏನು ತಪ್ಪು ಮಾಡಿದೀಯ ಅಂತ ತಪ್ಪೊಪ್ಪಿಗೆ?"

"ಎಲ್ಲಾರೂ ಹಿಂಗೇ ಕೊಡೋದು ಕಣಮ್ಮ."

"ಎಲ್ಲಾರ ಮನೇಲೂ ಇಂಗ್ಲಿಷ್ ಬರೋ ಮಗಳು ಇದಾಳಾ?"

ಅಪ್ಪನ ಮುಖ ಅರಳಿತು. ಇಂಥ ಮಾತಿಗೆ ಸೋಲದ ಅಪ್ಪ ಎಲ್ಲಿದ್ದಾನೆ? ಅಮ್ಮ ಮಾತ್ರ ಅಡುಗೆಮನೆಯಿಂದಲೇ, "ತಾತನ ಕಾಗದಕ್ಕೇನು ಬಂದಿದೆ ಧಾಡಿ? ಸಹಿ ಹಾಕಿ ಕೊಟ್ಟು ಕೈತೊಳ್ಕೊಳ್ಳಿ" ಎಂದಳು. ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮಗಳು ಬರೆಯಲು ಕೂತಳು. ಹೇಳಬೇಕಾದದ್ದು ಎರಡೇ ಮಾತು: ಮುಳ್ಳು ಕೆಟ್ಟಿತ್ತು, ಮೂರು ಸಲ ಹೇಳಿದ್ದೆ. ಅದಕ್ಕೆ ಅವಳು ಇಂಗ್ಲಿಷಿನಲ್ಲಿ ಹದಿನಾಲ್ಕು ಸಾಲು ಬರೆದಳು. ಪಕ್ಕದಲ್ಲೇ ನೋಟ್‌ಬುಕ್ ತೆರೆದಿತ್ತು. ಸೋಮವಾರದ್ದೊಂದು, ಮಂಗಳವಾರದವು ಎರಡು, ಒಂದೊಂದಾಗಿ ಪದಗಳು ಕಾಗದಕ್ಕೆ ಇಳಿದವು. ಬುಧವಾರದ ಪಟ್ಟಿಯಲ್ಲಿ 'ಕ್ಯಾಲಸ್' ಎಂಬುದಿತ್ತು. ಕಲ್ಲುಮನಸ್ಸಿನ, ಕನಿಕರವಿಲ್ಲದ ಎಂದು ಅರ್ಥ. ಎರಡು ಚೌಕ ಕಾಲೇಜಿನಲ್ಲೇ ತುಂಬಿದ್ದವು, ಮೂರನೆಯದು ಬಾಕಿ. ಅದಕ್ಕೆಂದೇ ಒಂದು ಸಾಲು ಸೇರಿಸಿದಳು: ಕೆಲಸಗಾರರ ಮಾತು ಕಿವಿಗೆ ಹಾಕಿಕೊಳ್ಳದ ಮ್ಯಾನೇಜರ್ ಕ್ಯಾಲಸ್ ಮನುಷ್ಯ. ಅಪ್ಪ ಸಹಿ ಹಾಕುವ ಮೊದಲೇ ಅವಳು ಚೌಕಕ್ಕೆ ಗುರುತು ಹಾಕಿಯಾಗಿತ್ತು.

ಶುಕ್ರವಾರ ಸಂಜೆ ಅಪ್ಪ ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ. ಜೊತೆಗೆ ತಾತ. ಮ್ಯಾನೇಜರ್ ಈ ಸಲ ಕಾಗದ ಓದಿದ್ದರು, ಎರಡು ಸಲ ಓದಿದ್ದರು. ಸೋಮವಾರ ವಿಚಾರಣೆ. ಬರೆದವರು ಯಾರು, ಹೊರಗಿನ ವಕೀಲರಾ ಎಂದು ಕೇಳಿದಾಗ ಅಪ್ಪ ಮಗಳ ಹೆಸರು ಎತ್ತಲು ಹೆದರಿ, ನಾನೇ ಸಾರ್ ಎಂದುಬಿಟ್ಟಿದ್ದ. ಹಾಗಾದರೆ ಸೋಮವಾರ ಎಲ್ಲರೆದುರು ನೀನೇ ಓದು ಎಂದಿದ್ದರು.

"ಏನೂ ಮುಳುಗಿಲ್ಲ," ಎಂದ ತಾತ. "ಯಾರೋ ಬರ್ಕೊಟ್ರು, ಏನಿದೆ ಅಂತ ನಂಗೊತ್ತಿಲ್ಲ, ಸಹಿ ಹಾಕ್ದೆ ಅಂದುಬಿಡು. ನಾನು ನಮ್ಮ ಹಳೇ ನಾಲ್ಕು ಸಾಲು ಬರ್ಕೊಡ್ತೀನಿ. ಅವರಿಗೂ ಅಷ್ಟೇ ಬೇಕಾಗಿರೋದು."

"ಅಂದ್ರೆ ಅಪ್ಪ ಎಲ್ಲರ ಮುಂದೆ ದಡ್ಡ ಅನ್ನಿಸ್ಕೋಬೇಕಾ?" ಎಂದಳು ಮಗಳು. ಹಿಂದಿನ ಬೆಂಚಿನ ನಗು ಇನ್ನೂ ಅವಳನ್ನು ಬಿಟ್ಟಿರಲಿಲ್ಲ.

"ಅನ್ನಿಸ್ಕೊಂಡ್ರೆ ಕೆಲ್ಸ ಉಳಿಯುತ್ತಮ್ಮ."

ಅಪ್ಪ ತಾತನನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಮಗಳನ್ನು ನೋಡಿದ. "ಎರಡು ದಿನ ಇದೆಯಲ್ಲ," ಎಂದ. "ಕಲಿಸ್ತೀಯಾ?"

ಶನಿವಾರ, ಭಾನುವಾರ ಮನೆಯಲ್ಲಿ ಶಾಲೆ ನಡೆಯಿತು. ಹೊದಿಕೆಗಳ ಅಂಚಿನ ಹೋಟೆಲಿನ ಹೆಸರು ಓದಿ ಓದಿ ಅಪ್ಪನಿಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು. ಉಳಿದದ್ದನ್ನು ಮಗಳು ಕಲಿಸಿದಳು. ಮೇಷ್ಟ್ರ ಸೂತ್ರವನ್ನೂ ಬಿಡಲಿಲ್ಲ, ಪ್ರತಿ ಪದವನ್ನೂ ಮೂರು ಸಲ ಬಳಸಬೇಕು. ಹೊತ್ತಿಕೊಳ್ಳದ ಒಲೆಗೆ ಅಪ್ಪ ಕ್ಯಾಲಸ್ ಒಲೆ ಎಂದ. ಎರಡನೇ ಸಲ ಟೀ ಕೊಡದ ಅಮ್ಮ ಕ್ಯಾಲಸ್ ಹೆಂಗಸಾದಳು. ಅಮ್ಮನೂ ಸಿಟ್ಟು ಮರೆತು ನಕ್ಕಳು. ಹುಟ್ಟಿದಾಗಿನಿಂದ ಮಗಳು ಅಪ್ಪನ ಜೊತೆ ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದೇ ಇಲ್ಲ. ಭಾನುವಾರ ಸಂಜೆ ಅವನು ಹದಿನಾಲ್ಕು ಸಾಲನ್ನೂ ತಡವರಿಸದೆ ಓದಿ, ಅರ್ಥ ಹೇಳಿದಾಗ ಅವಳ ಕಣ್ಣು ತುಂಬಿತು. ಇವನನ್ನು ಕಂಡು ಯಾರು ನಗುತ್ತಾರೋ ನೋಡೋಣ ಎಂದುಕೊಂಡಳು.

ಸೋಮವಾರ ಅವಳು ಕಾಲೇಜಿನಿಂದ ಬರುವಷ್ಟರಲ್ಲಿ ಅಪ್ಪ ಮನೆಯಲ್ಲಿದ್ದ. ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ತಾತ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದ, ಕೂರು ಎಂದರೂ ಕೂರಲಿಲ್ಲ.

"ಚೆನ್ನಾಗಿ ಓದಿದ ಕಣಮ್ಮ," ಎಂದ ತಾತ. "ಗುಮಾಸ್ತರೂ ಅಷ್ಟು ಚೆನ್ನಾಗಿ ಓದಲ್ಲ. ಮ್ಯಾನೇಜರ್ ಕೆಟ್ಟೋರಲ್ಲ, ದಾರಿ ತೋರಿಸಿದ್ರು. ಕ್ಯಾಲಸ್ಸೋ ಏನೋ ಒಂದು ಪದ ಇತ್ತಲ್ಲ, ಅದರ ಮೇಲೆ ಬೆರಳಿಟ್ಟು, ಇದರ ಅರ್ಥ ನಿಂಗೆ ಗೊತ್ತಿರಲಿಲ್ಲ, ಅಲ್ವಾ ಅಂದ್ರು. ಎರಡು ಸಲ ಕೇಳಿದ್ರು. ಹೂಂ ಅಂದಿದ್ರೆ ಸಾಕಿತ್ತು. ನಾಲ್ಕು ಸಾಲಿನ ಕಾಗದ ನನ್ನ ಜೇಬಲ್ಲೇ ಇತ್ತು."

ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹತ್ತೊಂಬತ್ತು ವರ್ಷದ ಕೆಲ್ಸಾನ ಒಂದೇ ನಿಮಿಷದಲ್ಲಿ ಮುಗಿಸಿದ್ರು," ಎಂದು ತಾತ ಹೊರಟುಹೋದ.

ಮಗಳಿಗೆ ಆಗ ಹೊಳೆಯಿತು. ಆ ಸಾಲು ಬೇಕೇ ಇರಲಿಲ್ಲ. ಅದಿಲ್ಲದೆಯೂ ಸತ್ಯ ಸತ್ಯವೇ ಆಗಿತ್ತು. ಅಪ್ಪನಿಗೆ ಮ್ಯಾನೇಜರ್ ಮೇಲೆ ಅಂಥ ಸಿಟ್ಟೂ ಇರಲಿಲ್ಲ. ಒಂದು ಚೌಕ ತುಂಬಬೇಕೆಂದು ಅವಳೇ ಅದನ್ನು ಅವನ ಬಾಯಿಗೆ ತುರುಕಿದ್ದಳು. ತಪ್ಪಿಸಿಕೊಳ್ಳುವ ದಾರಿಯನ್ನೂ ಎರಡು ದಿನ ಕೂತು ತಾನೇ ಮುಚ್ಚಿದ್ದಳು. ಇದನ್ನು ಹೇಳಿಬಿಡಬೇಕೆಂದು ಅಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಫಲಿತಾಂಶಕ್ಕೆ ಕಾದು ಕೂತ ಹುಡುಗನ ಹಾಗೆ.

"ಅವರು ಎರಡನೇ ಸಲ ಕೇಳಿದಾಗ ನಂಗೆ ಸ್ವಲ್ಪ ಅನುಮಾನ ಬಂತು ಕಣೇ," ಎಂದ ಅಪ್ಪ. "ಆದ್ರೂ ಗೊತ್ತಿಲ್ಲ ಅಂದ್ರೆ ನೀನು ಕಲಿಸಿದ್ದೆಲ್ಲ ದಂಡ ಆಗುತ್ತಲ್ಲ. ಕನಿಕರ ಇಲ್ಲದ ಮನುಷ್ಯ ಅಂತ ಸಾರ್ ಅಂದೆ. ಸರಿಯಾಗೇ ಹೇಳಿದೆ ಅಲ್ವಾ?"

"ಸರಿಯಾಗೇ ಹೇಳಿದೀಯಪ್ಪ," ಎಂದಳು ಮಗಳು.