ಮನಸಾರೆ ಮರಳುವವರು

ಲಂಕೆಯ ಯುದ್ಧಕ್ಕೆ ಹೆದರಿ ಅಪ್ಪನೊಡನೆ ಓಡಿಬಂದಿದ್ದ ಸೆಲ್ವಿ, ಅಪ್ಪ ತೀರಿದ ಮೇಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಶಾರದವ್ವನ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಈಗ ಲಂಕೆಯಲ್ಲೇ ಉಳಿದಿದ್ದ ತಾಯಿ ಹಾಸಿಗೆ ಹಿಡಿದಿದ್ದರಿಂದ ಮರಳಿ ಹೋಗಲು ಅರ್ಜಿ ಹಾಕಿದ್ದಳು. ಮನಸಾರೆ ಮರಳುವವರನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ಕಳಿಸುತ್ತಿತ್ತು. ಯಾರದೋ ಒತ್ತಾಯಕ್ಕೆ ಹೊರಟವರನ್ನು ಮಾತ್ರ ಕಳಿಸುತ್ತಿರಲಿಲ್ಲ. ಅದನ್ನು ವಿಚಾರಿಸಲು ಬೆಂಗಳೂರಿನ ಅಧಿಕಾರಿ ಬಂದಾಗ ಶಾರದವ್ವ ಸೆಲ್ವಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕುತ್ತಿದ್ದಳು.

“ಆಗಲೇ ಸಾಗಹಾಕ್ತಿದ್ದೀರಾ? ರೂಮಿಗೆ ಬೇರೆಯವರು ಸಿಕ್ಕರೇನಮ್ಮ?”

“ಉಡಿ ತುಂಬಾಕತ್ತೇನ್ರೀ ಸಾಹೇಬ್ರ. ಹೊಂಟ ಮಗಳನ್ನ ಬರೇ ಉಡೀಲೆ ಕಳಸ್ತಾರೇನು? ನೀವ ಅಕೀನ ಹೆದರಿಸಿ ಒಯ್ಯಾಕತ್ತೀರೇನಂತ ನನಗ ಸಂಶೆ!”

ಸೆಲ್ವಿಗೆ ಅಳು ಬಂತು. ಅಧಿಕಾರಿ ಹುಬ್ಬು ಗಂಟಿಕ್ಕಿದರು.

“ಅಳಬ್ಯಾಡ ಖೋಡಿ, ಖುಷೀಲೆ ಹೊಂಟೇನಿ ಅನ್ನು!” ಎಂದು ಶಾರದವ್ವ ಗದರಿದಳು.

“ನೋಡಿ, ನೀವೇ ಹೇಳಿಕೊಡ್ತಿದ್ದೀರಿ. ಇವರನ್ನ ಕಳಿಸೋಕಾಗಲ್ಲ,” ಎಂದು ಅಧಿಕಾರಿ ಎದ್ದರು.

ಸೆಲ್ವಿ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಅವರನ್ನು ದಾಟಿ ಹೋಗಿ ಹೊರಗೆ ನಿಂತಿದ್ದ ಅವರ ಜೀಪಿನಲ್ಲಿ ಕುಳಿತಳು. ಕೆನ್ನೆ ಇನ್ನೂ ಒದ್ದೆಯಾಗಿತ್ತು.

“ಈಗ ಯಾರು ದಬ್ಬಿದ್ರು ಹೇಳ್ರಿ,” ಎಂದಳು. “ಲಗೂ ನಡೀರಿ, ಅಲ್ಲಿ ನಮ್ಮವ್ವ ಕಾಯಾಕತ್ತಾಳ.”