ಅವ್ವನ ಕೈ ಕೌದಿ

"ಏ, ಸರಕೋ ಆ ಕಡೆ! ಫೋಟೋದಾಗ ನಿನ್ನ ಕೈ ಬರಾಕತ್ತೈತಿ. ಎಷ್ಟ ಸಲ ಹೇಳ್ಬೇಕ ನಿನಗ?"

ಅಮಿತ ಮೊಬೈಲು ಕೆಳಗಿಳಿಸಿದ. ಚಂದವ್ವ ಕುಳಿತಲ್ಲಿಂದಲೇ ತೆವಳಿ ಕಂಬದ ಹಿಂದೆ ಸರಿದಳು. ಮುದ್ದೇಬಿಹಾಳದ ಅಮಿತನ ವಾಡೆಯ ಪಡಸಾಲೆಯಲ್ಲಿ ಅವಳು ಹೊಲಿದ ಕೌದಿ ಹಾಸಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹರವಿ, ಹದಿನೈದು ದಿನ ಬೆನ್ನು ಬಗ್ಗಿಸಿ ಹೊಲಿದದ್ದು. ಅದರ ನಡುವೆ ಈಗ ಅಮಿತನ ತಾಯಿ ಚನ್ನವ್ವ ಇಳಕಲ್ ಸೀರೆ ಉಟ್ಟು, ಸೂಜಿ ಹಿಡಿದು ಕುಳಿತಿದ್ದಳು. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ಚಂದವ್ವನೇ.

"ಎಲ್ಲಿ ಚುಚ್ಚಬೇಕೋ ಇದನ್ನ?" ಚನ್ನವ್ವ ಮಗನನ್ನು ಕೇಳಿದಳು.

"ಎಲ್ಲೆರ ಚುಚ್ಚವ್ವ. ಸುಮ್ನ ತಲಿ ಬಗ್ಗಿಸಿ ನಗು."

ಫೋಟೋ ಮುಗಿದ ಮೇಲೆ ಅಮಿತ ಮೆಟ್ಟಿಲ ಮೇಲೆ ನಿಂತ. ಚಂದವ್ವ ಕೆಳಗೆ ಅಂಗಳದಲ್ಲಿ ನಿಂತಳು.

"ಛಲೋತ್ನಂಗ ತಿಳ್ಕೋ. ನಾ ಮಾಲು ಇಟ್ಕೊಳ್ಳಂಗಿಲ್ಲ. ನನಗ ಅಂಗಡಿಲ್ಲ, ಗೋದಾಮಿಲ್ಲ. ಮಾಲು ನಿನ್ನ ಮನ್ಯಾಗ ಇರ್ತೈತಿ. ದೊಡ್ಡ ಊರಿನ ಮಂದಿ ಫೋನಿನ್ಯಾಗ ನೋಡಿ ನನಗ ರೊಕ್ಕ ಹಾಕ್ತಾರ. ನಾ ನಿನ್ನ ಮಗಳ ಫೋನಿಗೆ ಅವರ ವಿಳಾಸ ಒಗಿತೇನಿ. ನೀವು ಕಟ್ಟೂದು, ಮ್ಯಾಲ ನನ್ನ ಹೆಸರಿನ ಚೀಟಿ ಹಚ್ಚೂದು, ಕೊರಿಯರ್‌ದವ ಬಂದ್ರ ಕೊಡೂದು. ವಾಪಸ್ ಬಂದ್ರೂ ನಿನ್ನ ಮನೀಗೇ ಬರ್ತೈತಿ. ಮುಗೀತು."

"ನಮ್ಮ ಹೆಸರು ಎಲ್ಲೆರ ಇರ್ತೈತೇನ್ರಿ ಸಾವ್ಕಾರ್ರ?"

"ನಿನ್ನ ಹೆಸರು ಹೊದಕೊಂಡು ಮಲಗ್ತಾರೇನ ಅವರು?"

"ಕೂಲಿರೀ?"

"ಗಿರಾಕಿ ಇಟ್ಕೊಂಡ್ರ ಕೂಲಿ. ವಾಪಸ್ ಒಗದ್ರ ಇಲ್ಲ. ನಾ ಏನ ನನ್ನ ಕಿಸೆದಾಗಿಂದ ಕೊಡ್ಲಿ?"

ಒಳಗಿನಿಂದ ಚನ್ನವ್ವ ಕೂಗಿದಳು: "ಆಕೀಗೆ ಚಾ ಕೊಡೂದಾದ್ರ ಹೊರಗಿನ ಗಿಲಾಸದಾಗ ಕೊಡ್ರೇ."

ಚಂದವ್ವ ಚಹಕ್ಕೆ ನಿಲ್ಲಲಿಲ್ಲ. ನಾಲತವಾಡದ ಬಸ್ಸು ಹೊರಡುವ ಹೊತ್ತಾಗಿತ್ತು.

ನಾಲತವಾಡದಲ್ಲಿ ಅವಳದು ಒಂದೇ ಖೋಲಿಯ ಮನೆ. ಅಮಿತ ವಿಜಯಪುರದಿಂದ ತೂಕದ ಮೇಲೆ ತಂದ ಹಳೆಯ ಸೀರೆಗಳ ಗಂಟುಗಳನ್ನು ಟಂಟಂ ಆಟೋದಲ್ಲಿ ಹಾಕಿ ಕಳಿಸಿದ. ದೀಪಾವಳಿ ಕಳೆಯುವ ಹೊತ್ತಿಗೆ ಹನ್ನೊಂದು ಕೌದಿಗಳು ಪ್ಲಾಸ್ಟಿಕ್ ಹೊದ್ದುಕೊಂಡು ಗೋಡೆಯುದ್ದಕ್ಕೂ ಮಾಡಿನ ತನಕ ಏರಿ ನಿಂತವು. ಹನ್ನೊಂದು ಇವೆ ಎಂದು ಅಮಿತನ ಆನ್‌ಲೈನ್ ಮಾರಾಟದ ಪುಟದಲ್ಲಿ ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು. ಒಂದು ಹೋದರೆ ಇನ್ನೊಂದು ಆ ಜಾಗಕ್ಕೆ ಬರಬೇಕು. ತಡವಾದರೆ ಫೋನು ಬರುತ್ತಿತ್ತು: "ಸತ್ತೀಯೇನ?"

ಗಂಡ ಗುರಲಿಂಗಪ್ಪ ಇಪ್ಪತ್ತು ವರ್ಷ ಮಂದಿಯ ಕುರಿ ಕಾಯ್ದು ಎದೆ ಕೆಡಿಸಿಕೊಂಡವನು. ಇಬ್ಬನಿಯ ದಿನಗಳಲ್ಲಿ ಕೆಮ್ಮು ಏರುತ್ತಿತ್ತು. ಅವನು ಗೋಣಿತಟ್ಟು ಹೊದ್ದು ಆ ಕೌದಿಗಳ ಬುಡದಲ್ಲಿ ಮಲಗುತ್ತಿದ್ದ. ಒಂದನ್ನೂ ಮುಟ್ಟುವಂತಿರಲಿಲ್ಲ.

ಒಂದು ಮುಂಜಾನೆ ಅಮಿತ ಗಾಡಿ ಮೇಲೆ ಬಂದ. ಹೊಸ್ತಿಲು ದಾಟಲಿಲ್ಲ. ಮೂಗಿಗೆ ದಸ್ತಿ ಹಿಡಿದು ಬಾಗಿಲಲ್ಲೇ ನಿಂತ.

"ಪುಣೇದಾಕಿ ವಾಪಸ್ ಕಳಿಸ್ಯಾಳ. ಏನ ಬರದಾಳ ಗೊತ್ತೈತೇನ? ಕೌದಿ ಹೊಗಿ ನಾರತೈತಿ ಅಂತ. ನನ್ನ ಮಾರಿಗೆ ಉಗುಳಿಸಿದಿರಿ ನೀವು."

"ಇರೂದು ಒಂದ ಖೋಲಿರಿ. ಅದರಾಗ ಒಲಿ..."

"ಒಲಿ ಹೊರಗ ಹೂಡು. ಆ ಮುದುಕನ್ನೂ ಹೊರಗ ಹಾಕು. ಕೆಮ್ಮಿ ಕೆಮ್ಮಿ ಉಗುಳತಾನ, ಮಾಲು ಹೊಲಸಾಕ್ಕೈತಿ."

"ಅವ ನನ್ನ ಗಂಡ ಅದಾನ್ರಿ."

"ನಾ ಅಲ್ಲಂದೇನ?"

ಅಂದೇ ಒಲೆ ಬೀದಿಗೆ ಬಂತು. ಗುರಲಿಂಗಪ್ಪನನ್ನು ಯಾರೂ ಹೊರಗೆ ಹೋಗೆನ್ನಲಿಲ್ಲ. ತಾನೇ ತಟ್ಟು ಮಡಚಿಕೊಂಡು ಎದ್ದ. "ಬಿಡ, ಮಾಲಿಗೆ ಜಾಗಾ ಬೇಕಲ್ಲ," ಎಂದು ನಕ್ಕ. ನಗು ಕೆಮ್ಮಾಯಿತು. ಆವತ್ತಿನಿಂದ ಅವನ ಮಲಗುವ ಜಾಗ ಗೋಡೆಯ ಹೊರಮಗ್ಗುಲು.

ಮಗಳು ಕಾವೇರಿ ಮುದ್ದೇಬಿಹಾಳದಲ್ಲಿ ಪಿಯುಸಿ ಮುಗಿಸಿ ಮನೆಯಲ್ಲೇ ಇದ್ದಳು. ವಿಳಾಸ ಬರೆಯುವವಳು, ಚೀಟಿ ಹಚ್ಚುವವಳು ಅವಳು. ಒಂದು ದಿನ ಫೋನು ಹಿಡಿದು ತಾಯಿಯ ಪಕ್ಕ ಬಂದು ಕುಳಿತಳು.

"ಯವ್ವ, ಇಲ್ಲಿ ನೋಡು. 'ನಮ್ಮ ಅವ್ವ ಐವತ್ತು ವರ್ಷದಿಂದ ಪ್ರೀತಿಯಿಂದ ಹೊಲಿಯುವ ಕೌದಿ' ಅಂತ ಹಾಕ್ಯಾನ. ಚನ್ನವ್ವನ ಫೋಟೋ."

ಚಂದವ್ವ ಬಹಳ ಹೊತ್ತು ನೋಡಿದಳು. "ಸೂಜಿ ತಿರುಮುರುಗ ಹಿಡದಾಳ," ಎಂದು ಮತ್ತೆ ಹೊಲಿಗೆಗೆ ಬಗ್ಗಿದಳು.

"ಅಷ್ಟೇ ಏನ? ಬಾಡ್ಯಾ ನಿನ್ನ ಕೈ ಕಡದು ತನ್ನ ಅವ್ವಗ ಹಚ್ಯಾನ, ನೀ ಸೂಜಿ ನೋಡ್ತಿ!"

"ಏನ ಮಾಡ್ಲಿ? ಹೊಲಿಯೂದು ಬಿಟ್ರ ನಿಮ್ಮಪ್ಪನ ಗುಳಿಗಿ ಯಾರ ತರ್ತಾರ?"

ಸಂಕ್ರಾಂತಿಗೆ ಅಮಿತ ಬೆಲೆ ಇಳಿಸಿದ. ಒಂದೇ ದಿನ ಹನ್ನೊಂದೂ ಹೋದವು. ಕಟ್ಟುವಾಗ ಕಾವೇರಿ ಪ್ರತಿ ಕೌದಿಯ ಮಡಿಕೆಯಲ್ಲಿ ಒಂದೊಂದು ಹಾಳೆ ಇಟ್ಟಳು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದಳು: 'ಇದನ್ನು ಹೊಲಿದವಳು ನನ್ನ ತಾಯಿ ಚಂದವ್ವ. ಫೋಟೋದಲ್ಲಿರುವವರಿಗೆ ಹೊಲಿಯಲು ಬರುವುದಿಲ್ಲ. ಇದಕ್ಕೆ ಜಾಗ ಬಿಡಲು ನನ್ನ ತಂದೆ ಚಳಿಯಲ್ಲಿ ಬೀದಿಯಲ್ಲಿ ಮಲಗುತ್ತಾನೆ. ಮುಂದೆ ಬೇಕಾದರೆ ನಮಗೇ ಫೋನ್ ಮಾಡಿ.' ಕೆಳಗೆ ತನ್ನ ನಂಬರು. ತಾಯಿಗೆ ಹೇಳಲಿಲ್ಲ. ಕೊರಿಯರಿನ ತೌಸಿಫ ಹನ್ನೊಂದೂ ಗಂಟುಗಳನ್ನು ಗಾಡಿಗೆ ಹೇರಿಕೊಂಡು ಹೋದ.

ಎಂಟು ದಿನ ಕಾವೇರಿ ಫೋನು ಕೈಯಿಂದ ಬಿಡಲಿಲ್ಲ. ಒಂಬತ್ತನೆಯ ದಿನ ಬೆಂಗಳೂರಿನಿಂದ ಫೋನು ಬಂತು. ಹೆಂಗಸಿನ ದನಿ. ತಾಯಿಗೇ ಕೊಡಿ ಎಂದಿತು.

"ನೀವೇನಾ ಚಂದವ್ವ? ನಿಮ್ಮ ಮಗಳ ಲೆಟರ್ ಓದಿ ಅಳು ಬಂದ್ಬಿಡ್ತು ಕಣಮ್ಮ. ನಮ್ಮನೇಲಿ ಎಲ್ರಿಗೂ ಓದಿ ಹೇಳ್ದೆ. ಇಷ್ಟು ಅನ್ಯಾಯದಲ್ಲಿ ಮಾಡ್ಸಿರೋ ವಸ್ತುನ ಹೊದ್ದುಕೊಳ್ಳೋಕೆ ನಂಗಂತೂ ಮನಸ್ಸು ಬರ್ಲಿಲ್ಲ. ಇವತ್ತೇ ವಾಪಸ್ ಹಾಕ್ಬಿಟ್ಟೆ. ನೀವು ಧೈರ್ಯವಾಗಿರಿ."

"ಯಾವ ಲೆಟರ್ರಿ? ಯವ್ವಾ, ನೀವು ಇಟ್ಕೊಂಡ್ರನ ನಮಗ ಕೂಲಿರಿ..."

ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಚಂದವ್ವ ಮಗಳ ಮುಖ ನೋಡಿದಳು. ಕಾವೇರಿ ಗೋಡೆ ನೋಡುತ್ತಿದ್ದಳು.

ಮುಂದಿನ ವಾರದಲ್ಲಿ ಒಂಬತ್ತು ಕೌದಿಗಳು ಮರಳಿ ಬಂದವು. ಕೆಲವರು ಸುಳ್ಳು ಹೇಳಿ ಮಾರಿದ್ದೀರಿ ಎಂದು ಬೈದು ಕಳಿಸಿದ್ದರು, ಕೆಲವರು ಕನಿಕರಪಟ್ಟು ಕಳಿಸಿದ್ದರು. ತೌಸಿಫ ಒಂದೊಂದನ್ನೇ ಇಳಿಸಿದ.

"ಯಕ್ಕಾ, ಇಲ್ಲೊಂದು ಸಹಿ ಹಾಕ್ರಿ. ವಾಪಸ್ ವಿಳಾಸ ನಿಮ್ದ ಐತಿ," ಎಂದ. ತಲೆ ಎತ್ತಲಿಲ್ಲ.

ಮರುದಿನ ಅಮಿತ ಬಂದ. ಅವನ ಹಿಂದೆ ಖಾಲಿ ಟಂಟಂ ಬಂದು ನಿಂತಿತು.

"ಎಲ್ಲದಾಳ ಆ ಚೀಟಿ ಬರದಾಕಿ? ನಾಕ ಅಕ್ಷರ ಕಲತ್ರ ಹಿಂಗ ನೋಡು ಈ ಕೇರಿ ಮಂದಿ, ಉಂಡ ತಾಟಿನ್ಯಾಗ ಹೇತು ಇಡ್ತಾರ! ನನ್ನ ಪುಟಾನ ಬಂದ್ ಆತು. ಬ್ಯಾರೇ ಹೆಸರ್ಲೆ ತಗಿಬೇಕೀಗ."

ಕಾವೇರಿ ಬಾಗಿಲಿಗೆ ಬಂದಳು. "ಅದರಾಗ ಸುಳ್ಳ ಏನ ಬರದೇನಿ, ಹೇಳ್ರಿ?"

"ಬಾಯಿ ಮುಚ್ಚ ರಂಡಿ! ಕನ್ನೊಳ್ಳಿ ಊರಾಗ ಹತ್ತ ಮಂದಿ ಹೆಂಗಸ್ರು ನನ್ನ ದಾರಿ ಕಾಯಾಕತ್ತಾರ. ನಮ್ಮವ್ವನ ಫೋಟೋ ಅದ ನಡೀತೈತಿ. ಒಂಬತ್ತೂ ಕೌದಿ ಹೇರು ಗಾಡ್ಯಾಗ."

"ಹೊಲದದ್ದು?" ಚಂದವ್ವ ಕೇಳಿದಳು. "ಈ ಒಂಬತ್ತಕ್ಕ ನಾಕೂವರಿ ತಿಂಗಳ ಹೊಲದೇನ್ರಿ ಸಾವ್ಕಾರ್ರ."

"ಗಿರಾಕಿ ಇಟ್ಕೊಂಡಾನೇನ? ಇಲ್ಲ. ಮತ್ತ ನಿಂದೇನೈತಿ ಇದರಾಗ? ಬಟ್ಟಿ ನಂದು."

ಚಂದವ್ವ ಸೆರಗು ಸಿಕ್ಕಿಸಿಕೊಂಡಳು. "ಖರೇರಿ. ಬಟ್ಟಿ ನಿಮ್ದ," ಎಂದು ಒಳಗೆ ಹೋದಳು. ಮಾಡಿನ ಸಂದಿಯಿಂದ ಬ್ಲೇಡು ತಂದಳು. ಮೇಲಿನ ಗಂಟು ಬಿಚ್ಚಿ, ಕೌದಿಯನ್ನು ಹೊಸ್ತಿಲ ಮೇಲೆ ಹರವಿ ಕುಳಿತು, ಮೊದಲ ಸಾಲಿನ ಹೊಲಿಗೆಗೆ ಬ್ಲೇಡು ಹಾಕಿದಳು. ದಾರ ಟಪ್ಪೆಂದಿತು.

"ಏ! ಏನ ಮಾಡಾಕತ್ತಿ? ತಲಿಗಿಲಿ ಕೆಟ್ಟೈತೇನ?"

"ಬಟ್ಟಿ ಕೊಡಾಕತ್ತೇನಿ."

"ಹರದ್ರ ಪೊಲೀಸರ್ನ ಕರಸ್ತೇನಿ ನೋಡು!"

"ಬಟ್ಟಿ ಹರಿಯಂಗಿಲ್ಲ. ಎಷ್ಟ ಸೀರಿ ಕೊಟ್ಟಿ, ಅಷ್ಟೂ ಸೀರಿ ಎಣಿಸಿ ಒಯ್ಯಿ. ಹೊಲಿಗಿ ನಿಂದಲ್ಲ."

ಅಕ್ಕಪಕ್ಕದ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ. ಗೋಡೆಯ ಮಗ್ಗುಲಿನಿಂದ ಗುರಲಿಂಗಪ್ಪ ತಟ್ಟಿನೊಳಗಿಂದ ತಲೆ ಎತ್ತಿದ.

"ಒಂದರ ಇಟ್ಕೋ ಚಂದೂ. ಥಂಡಿ ಭಾಳ ಐತಿ."

ಅವಳು ಮುಂದಿನ ಸಾಲಿಗೆ ಬ್ಲೇಡು ಹಾಕಿದಳು. ಕಣ್ಣು ಒರೆಸಿಕೊಳ್ಳಲಿಲ್ಲ. ಕಾವೇರಿ ಎದುರು ಬಂದು ಕುಳಿತು ಇನ್ನೊಂದು ಅಂಚಿನಿಂದ ದಾರ ಎಳೆಯತೊಡಗಿದಳು. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ದಾರ ಬೆರಳುದ್ದಕ್ಕೊಮ್ಮೆ ಹರಿದು ಕೈಗೆ ಬರುತ್ತಿತ್ತು.

ಅಮಿತ ಗಾಡಿಗೆ ಒರಗಿ ಯಾರಿಗೋ ಫೋನು ಹಚ್ಚಿದ. ಆ ಕಡೆಯವರು ಎತ್ತಲಿಲ್ಲ. ಬಿಸಿಲು ಏರಿತು. ಟಂಟಂನವನು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ.

"ಒಂದೊಂದ ಕೌದಿಗೆ ಎರಡ ದಿನ ಹಿಡೀತೈತಿ," ಎಂದಳು ಚಂದವ್ವ, ತಲೆ ಎತ್ತದೆ. ಆಮೇಲೆ ಅಮಿತನಿಗೆ ಹೇಳಿದಳು:

"ಕುಂದ್ರು."